ಒಂದು ರೂಪಾಯಿಗೆ ಅರವತ್ತಾರು ಅಂಕ

ಕಳೆದ ತಿಂಗಳು ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಒಬ್ಬ ಹಿರಿಯರು ಎರಡೂವರೆ ಗಂಟೆ ಕಾದು ಕೂತಿದ್ದರು. ದಾವಣಗೆರೆ ಕಡೆಯವರು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ನಾನು ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಎದ್ದು ನಿಂತು ಕೈಚೀಲದಿಂದ ಒಂದು ಕರ್ಚೀಫು ತೆಗೆದರು. ಕರ್ಚೀಫಿನೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಐದನೇ ಜಾರ್ಜ್‌ನ ತಲೆ ಇರುವ ಒಂದು ಬೆಳ್ಳಿ ರೂಪಾಯಿ, ಇಸವಿ 1918. ಡಬ್ಬಿಯ ಮೇಲೆ ಒಂದು ಚೀಟಿ, ಬಾರ್‌ಕೋಡು, ಹೊಲೊಗ್ರಾಮು, ಮತ್ತು ದೊಡ್ಡ ಅಕ್ಷರದಲ್ಲಿ ‘ಎಂಎಸ್ 66’.

ಆನ್‌ಲೈನ್ ಹರಾಜಿನಲ್ಲಿ ಕೂಗಿ ತಗೊಂಡಿದ್ದರು. 24 ಸಾವಿರ ರೂಪಾಯಿ. ಇಂಥವು ಇನ್ನೆರಡು ಮನೆಯಲ್ಲಿವೆ. ಮೊಮ್ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ದುಡ್ಡು. ಈಗ ಮಾರೋಣ ಅಂತ ಬೆಂಗಳೂರಿನ ಒಬ್ಬ ನಾಣ್ಯದ ವ್ಯಾಪಾರಿ ಹತ್ತಿರ ಹೋದರೆ, ಆತ ಭೂತಗನ್ನಡಿ ಇಟ್ಟು ನೋಡಿ, “ಇದನ್ನ ಯಾರೋ ಪೌಡರ್ ಹಾಕಿ ಉಜ್ಜಿದ್ದಾರೆ ಯಜಮಾನ್ರೇ, ಬೆಳ್ಳಿ ಬೆಲೆ ಮೇಲೆ ಒಂದಿಷ್ಟು ಕೊಡಬಹುದು ಅಷ್ಟೇ” ಅಂದನಂತೆ.

“ಅಲ್ಲ ಮೇಷ್ಟ್ರೇ, ಇದನ್ನ ತಗೊಳ್ಳಬೇಕು ಅಂತ ನಿಮಗೆ ಹೇಳಿದ್ಯಾರು?” ಅಂತ ಕೇಳಿದೆ.

“ನೀವೇ ಹೇಳಿದ್ದಲ್ರೀ ಸರ್, ನಿಮ್ಮ ಟೀವ್ಯಾಗ.”

ಹೌದು. ನಾನೇ ಹೇಳಿದ್ದೆ. ಎರಡು ವರ್ಷದ ಹಿಂದೆ, ಸುದ್ದಿ ತೆಳ್ಳಗಿದ್ದ ಒಂದು ಮಧ್ಯಾಹ್ನ, ಹಳೇ ಬೆಳ್ಳಿ ರೂಪಾಯಿ ಇದ್ದರೆ ನೀವೇ ಲಕ್ಷಾಧಿಪತಿ ಅನ್ನೋ ಅರ್ಥದ ಒಂದು ಸ್ಟೋರಿ ಓದಿದ್ದೆ. ಬರೆದುಕೊಟ್ಟಿದ್ದು ಡೆಸ್ಕು, ಓದಿದ್ದು ನಾನು. ಅದಕ್ಕೇ ಈ ವಾರದ ಮಾತು ಈ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ, ಅದರ ಮೇಲಿನ ಆ 66ರ ಬಗ್ಗೆ. ಆ ಅಂಕ ಎಲ್ಲಿಂದ ಬಂತು, ಯಾರು ತಂದರು ಅಂತ ಕೆದಕುತ್ತಾ ಹೋದರೆ ಒಂದು ಪತ್ತೇದಾರಿ ಕತೆಯೇ ಸಿಗುತ್ತೆ.

ಮೊದಲು ನಮ್ಮ ದೇಶದ್ದೇ ಹಳೇ ಸಂಗತಿ. ನಾಣ್ಯಕ್ಕೆ ಅಂಕ ಕೊಡೋದು ನಮಗೆ ಹೊಸದಲ್ಲ. ಹದಿನೆಂಟನೇ ಶತಮಾನದ ಬಂಗಾಳದಲ್ಲಿ ಈ ವರ್ಷ ಟಂಕಿಸಿದ ರೂಪಾಯಿಗೆ ಸಿಕ್ಕಾ ಅಂತ ಹೆಸರು. ಅದಕ್ಕೆ ಪೂರ್ತಿ ಬೆಲೆ. ವರ್ಷ ಕಳೆದರೆ ಅದೇ ರೂಪಾಯಿಗೆ ನೂರಕ್ಕೆ ಮೂರು ಕಡಿತ, ಇನ್ನೊಂದು ವರ್ಷ ಕಳೆದರೆ ಐದು. ಆ ಕಡಿತಕ್ಕೆ ಬಟ್ಟಾ ಅಂತಿದ್ದರು. ಸವೆದಿದೆಯೋ ಇಲ್ಲವೋ, ಎಷ್ಟು ಸವೆದಿದೆ, ಎಷ್ಟು ಬಟ್ಟಾ ಅಂತ ತೀರ್ಮಾನಿಸುವವನು ಶರಾಫ. ರೈತ ಕಂದಾಯ ಕಟ್ಟೋಕೆ ಬಂದರೆ ಅವನ ಕೈಯಲ್ಲಿರುವ ರೂಪಾಯಿ ಹಳೇದಾಗಿಬಿಡುತ್ತಿತ್ತು. ಅದೇ ರೂಪಾಯಿ ಶರಾಫನ ಪೆಟ್ಟಿಗೆಯಿಂದ ಹೊರಗೆ ಬರುವಾಗ ಮೈತುಂಬಿಕೊಂಡು ಬರುತ್ತಿತ್ತು. ಈ ಕಾಟ ತಪ್ಪಿಸೋಕೆ ಈಸ್ಟ್ ಇಂಡಿಯಾ ಕಂಪನಿ ಮಾಡಿದ ಉಪಾಯ ತಮಾಷೆಯಾಗಿದೆ. ಯಾವ ವರ್ಷ ಟಂಕಿಸಿದರೂ ನಾಣ್ಯದ ಮೇಲೆ ಷಾ ಆಲಂ ಬಾದಶಹನ ಆಳ್ವಿಕೆಯ 19ನೇ ವರ್ಷ ಅಂತಲೇ ಒತ್ತೋದು! ರೂಪಾಯಿಗೆ ವಯಸ್ಸೇ ಆಗದಿದ್ದರೆ ಬಟ್ಟಾ ಯಾತಕ್ಕೆ ಅಂತ. 1793ರಲ್ಲಿ ಕಾಯ್ದೆಯನ್ನೂ ಮಾಡಿದರು. ಕೊನೆಗೆ 1835ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಗೆ ಒಂದೇ ರೂಪಾಯಿ ಬಂತು. ಯಂತ್ರದಲ್ಲಿ ಒತ್ತಿದ್ದು, ತೂಕ 180 ಗ್ರೇನ್, ಅಂದರೆ ಒಂದು ತೊಲ, ಇವತ್ತಿನ ಲೆಕ್ಕದಲ್ಲಿ 11.66 ಗ್ರಾಂ. ಶರಾಫನ ಕಣ್ಣಿಗೆ ಕೆಲಸ ತಪ್ಪಿತು.

ಅದೇ ತೂಕದ ರೂಪಾಯಿ ಮೇಷ್ಟ್ರ ಡಬ್ಬಿಯಲ್ಲಿ ಇರೋದು. 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1918ರಲ್ಲಿ ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳು ಎರಡೂ ಸೇರಿ ಇಂಥ ರೂಪಾಯಿ ಒತ್ತಿದ್ದು 40 ಕೋಟಿಗೂ ಹೆಚ್ಚು. ನಲವತ್ತು ಕೋಟಿ! ಅಪರೂಪದ್ದು ಅಂತ ಹರಾಜಿನಲ್ಲಿ ಬರೆದಿದ್ದರಂತೆ.

ಅಷ್ಟೊಂದು ಯಾಕೆ ಒತ್ತಿದರು ಅಂದರೆ, ಅದು ಮೊದಲ ಮಹಾಯುದ್ಧದ ಕಾಲ. ಸೈನಿಕರ ಸಂಬಳ, ದವಸ ಧಾನ್ಯ, ಸೆಣಬು ಎಲ್ಲಕ್ಕೂ ಬೆಳ್ಳಿ ರೂಪಾಯಿಯೇ ಬೇಕು. ಕಾಗದದ ನೋಟಿನ ಮೇಲೆ ಜನರಿಗೆ ನಂಬಿಕೆ ಹೋಗಿ, ನೋಟು ತಗೊಳ್ಳಿ ಬೆಳ್ಳಿ ಕೊಡಿ ಅಂತ ಮುಗಿಬಿದ್ದರು. ಸರ್ಕಾರದ ಬಳಿ ಬೆಳ್ಳಿಯೇ ಇಲ್ಲ. ಆಗ ಬ್ರಿಟನ್ನು ಅಮೆರಿಕದ ಕಾಲು ಹಿಡಿಯಿತು. 1918ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್ ಕಾಯ್ದೆ ಅಂತ ಒಂದು ಮಾಡಿ, ಖಜಾನೆಯಲ್ಲಿ ಕೊಳೆಯುತ್ತಿದ್ದ 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರಿನ ಬೆಳ್ಳಿ ಗಟ್ಟಿಯಾಗಿ ಹಡಗು ಹತ್ತಿ ನಮ್ಮ ದೇಶದ ಕಡೆ ಹೊರಟಿತು. ಆ ಡಾಲರಿಗೆ, ಅದನ್ನು ಕೆತ್ತಿದವನ ಹೆಸರಿನಿಂದ, ಮಾರ್ಗನ್ ಡಾಲರ್ ಅಂತಾರೆ. ಇವತ್ತು ಅಮೆರಿಕದಲ್ಲಿ ಅತಿ ಹೆಚ್ಚು ಜನ ಸಂಗ್ರಹಿಸುವ ನಾಣ್ಯಗಳಲ್ಲಿ ಅದೂ ಒಂದು. ನಮ್ಮಜ್ಜಿಯರ ಕಾಲಿನ ಕಡಗ, ಸೊಂಟದ ಡಾಬು ಕರಗಿಸಿ ನೋಡಿದರೆ ಅದರಲ್ಲಿ ಅಮೆರಿಕದ ಸ್ವಾತಂತ್ರ್ಯ ದೇವಿಯ ಮುಖವೂ ಒಂದು ಚೂರು ಇರಬಹುದು.

ಈಗ ಅಮೆರಿಕಕ್ಕೇ ಹೋಗೋಣ, ಯಾಕಂದರೆ ಅಂಕದ ಕತೆ ಶುರುವಾಗೋದು ಅಲ್ಲಿ.

ವಿಲಿಯಂ ಶೆಲ್ಡನ್ ಅಂತ ಒಬ್ಬ ಮನಃಶಾಸ್ತ್ರಜ್ಞ, ವೈದ್ಯ. ಮನುಷ್ಯರನ್ನು ದಪ್ಪ, ಕಟ್ಟುಮಸ್ತು, ತೆಳು ಅಂತ ಮೂರು ಬಗೆ ಮಾಡಿ, ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ ಕೊಟ್ಟು, ಮೈಕಟ್ಟು ನೋಡಿದರೆ ಸ್ವಭಾವ ಹೇಳಬಹುದು ಅಂತ ವಾದಿಸಿದವನು. ಅದಕ್ಕಾಗಿ ಅಮೆರಿಕದ ಹೆಸರಾಂತ ಕಾಲೇಜುಗಳ ವಿದ್ಯಾರ್ಥಿಗಳನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಫೋಟೊ ತೆಗೆದ ಕುಖ್ಯಾತಿಯೂ ಅವನಿಗಿದೆ. ಆ ಶಾಸ್ತ್ರವನ್ನು ಈಗ ಯಾರೂ ಒಪ್ಪಲ್ಲ. ಆದರೆ ಈ ಮನುಷ್ಯನಿಗೆ ಹಳೇ ತಾಮ್ರದ ಸೆಂಟ್ ನಾಣ್ಯಗಳ ಹುಚ್ಚು. 1949ರಲ್ಲಿ ಅವುಗಳ ಬಗ್ಗೆ ಒಂದು ಪುಸ್ತಕ ಬರೆದ. ಮೈಗೆ ಅಂಕ ಕೊಟ್ಟವನು ನಾಣ್ಯಕ್ಕೆ ಕೊಡದೆ ಬಿಡ್ತಾನಾ? ಒಂದರಿಂದ ಎಪ್ಪತ್ತು.

ಎಪ್ಪತ್ತೇ ಯಾಕೆ? ನೂರು ಇರಬಹುದಿತ್ತಲ್ಲ? ಶೆಲ್ಡನ್‌ನ ಲೆಕ್ಕ ಸರಳ. 1794ರ ಸೆಂಟು, ಗುರುತು ಸಿಗುವಷ್ಟು ಮಾತ್ರ ಉಳಿದು ಪೂರ್ತಿ ಸವೆದುಹೋಗಿದ್ದರೆ ಬೆಲೆ ಒಂದು ಡಾಲರ್. ಟಂಕಸಾಲೆಯಿಂದ ಈಗಷ್ಟೇ ಬಂದ ಹಾಗೆ ಹೊಳೀತಿದ್ದರೆ ಆ ಕಾಲದ ಮಾರುಕಟ್ಟೆಯಲ್ಲಿ 70 ಡಾಲರ್. ಹಾಗಾಗಿ ಸವೆದದ್ದಕ್ಕೆ 1, ಹೊಸದಕ್ಕೆ 70. ಅಂಕವನ್ನು ಮೂಲಬೆಲೆಯಿಂದ ಗುಣಿಸಿದರೆ ರೇಟು ಸಿಗಬೇಕು. ಅಂದರೆ ಆ ಅಂಕ ಹುಟ್ಟಿದ್ದೇ ಬೆಲೆಯ ಹೊಟ್ಟೆಯಿಂದ. ನಾವು ಅದನ್ನು ಜ್ವರ ನೋಡುವ ಥರ್ಮಾಮೀಟರ್ ಅಂದ್ಕೊಂಡಿದ್ದೀವಿ. ಅದು 1949ರ ಅಂಗಡಿಯ ರೇಟ್ ಬೋರ್ಡು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ಈ ಗುಣಾಕಾರವನ್ನು ಉಲ್ಟಾ ಮಾಡಿ ಬಿಸಾಕಿತು. ಗುಣಾಕಾರ ಹೋಯಿತು, ಅಂಕ ಮಾತ್ರ ಉಳಿಯಿತು.

ಶೆಲ್ಡನ್ 1977ರಲ್ಲಿ ತೀರಿಕೊಂಡ. ಆಮೇಲೆ ಹೊರಗೆ ಬಂದ ಸುದ್ದಿ ಕೇಳಿ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಗೆ ಜಾರ್ಜ್ ಕ್ಲಾಪ್ ಅನ್ನೋ ಸಂಗ್ರಾಹಕ ತನ್ನ ಅಮೂಲ್ಯ ಸೆಂಟ್‌ಗಳನ್ನು ದಾನ ಕೊಟ್ಟಿದ್ದ. ಅಧ್ಯಯನ ಮಾಡ್ತೀನಿ ಅಂತ ಹೋಗಿ ಕೂರುತ್ತಿದ್ದ ಶೆಲ್ಡನ್, ಒಳ್ಳೇ ನಾಣ್ಯ ಜೇಬಿಗೆ ಹಾಕ್ಕೊಂಡು ಅದೇ ಬಗೆಯ ತನ್ನ ಕಳಪೆ ನಾಣ್ಯ ಅಲ್ಲಿಟ್ಟು ಬರ್ತಿದ್ದ. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಎಣಿಸಿದರೆ ಸಂಖ್ಯೆ ಸರಿ ಇರ್ತಿತ್ತು, ಇಸವಿಯೂ ಸರಿ. ವ್ಯತ್ಯಾಸ ಗ್ರೇಡಿನಲ್ಲಿ ಮಾತ್ರ. ಹಳೇ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಬಯಲಾಯಿತು. ಅವನಿಂದ ಕೊಂಡವರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೇಸೂ ನಡೆಯಿತು. ಗ್ರೇಡಿಂಗ್ ಅಳತೆಕೋಲು ಕೊಟ್ಟವನೇ, ಆ ಕೋಲಿನಲ್ಲಿ ಹೆಚ್ಚು ಅಳೆದದ್ದನ್ನು ಎತ್ತಿಕೊಂಡು ಕಡಿಮೆ ಅಳೆದದ್ದನ್ನು ಇಟ್ಟು ಬಂದ!

ಕತೆ ಇಲ್ಲಿಗೇ ನಿಂತಿದ್ದರೆ ಒಬ್ಬ ಕಳ್ಳನ ಕತೆ ಅಂತ ಬಿಡಬಹುದಿತ್ತು. ಅಷ್ಟರಲ್ಲಿ ಅವನ ಅಂಕ ಊರೆಲ್ಲ ಹರಡಿತ್ತು. ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘವೇ ಅದನ್ನು 1977ರಲ್ಲಿ ಎಲ್ಲ ನಾಣ್ಯಗಳಿಗೂ ಅಧಿಕೃತ ಮಾಡಿತು. ಬರಬರುತ್ತಾ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲು ಬಂತು. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಎಂಎಸ್ ಅಂದರೆ ಮಿಂಟ್ ಸ್ಟೇಟ್, ಒಂದು ದಿನವೂ ಯಾರ ಜೇಬಿಗೂ ಹೋಗದ, ಸಂತೆ ಕಾಣದ ನಾಣ್ಯ. 60 ಕೂಡ ಹಾಗೇ, 70 ಕೂಡ ಹಾಗೇ. 64ಕ್ಕೂ 65ಕ್ಕೂ ವ್ಯತ್ಯಾಸ ಏನು ಅಂದರೆ, ಟಂಕಸಾಲೆಯ ಚೀಲದಲ್ಲಿ ನಾಣ್ಯ ನಾಣ್ಯಕ್ಕೆ ತಾಗಿ ಕೆನ್ನೆ ಮೇಲೆ ಬಿದ್ದ ಒಂದು ಗೀರು ಎಷ್ಟು ದೊಡ್ಡದು, ಹೊಳಪು ಎಷ್ಟಿದೆ, ನೋಡಿದವನಿಗೆ ಹೇಗನ್ನಿಸಿತು, ಇಷ್ಟೇ. ಆದರೆ ಬೆಲೆ? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1884ರಲ್ಲಿ ಒತ್ತಿದ ಮಾರ್ಗನ್ ಡಾಲರ್ ಸವೆದದ್ದಾದರೆ ಕೆಲವು ಹತ್ತು ಡಾಲರ್‌ಗೆ ಸಿಗುತ್ತೆ. ಅದೇ ನಾಣ್ಯ 65 ಆದರೆ ಲಕ್ಷಗಟ್ಟಲೆ ಡಾಲರ್.

ನಾಣ್ಯದ ಬೆಲೆ ಎರಡು ಕಾಲಿನ ಮೇಲೆ ನಿಂತಿದೆ. ಒಂದು, ಎಷ್ಟು ಇವೆ ಅನ್ನೋದು. ಇನ್ನೊಂದು, ಹೇಗಿದೆ ಅನ್ನೋದು. ಎಷ್ಟಿವೆ ಅನ್ನೋದಕ್ಕೆ ಟಂಕಸಾಲೆಯ ದಾಖಲೆ ಇದೆ. ನಮ್ಮಲ್ಲೇ 1911ರ ರೂಪಾಯಿ ತಗೊಳ್ಳಿ. ರಾಜನ ನಿಲುವಂಗಿ ಮೇಲಿದ್ದ ಆನೆಯ ಚಿತ್ರ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ, ಚಲಾವಣೆಗೆ ಹೋಗದ ಬಹುಪಾಲು ನಾಣ್ಯ ಕರಗಿಸಿ, ಮುಂದಿನ ವರ್ಷ ಆನೆಯನ್ನು ತಿದ್ದಿ ಒತ್ತಿದರು. ಹಾಗಾಗಿ 1911ರದ್ದು ಕಡಿಮೆ. ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಅದೂ ಪೂರ್ತಿ ಗಟ್ಟಿ ನೆಲವಲ್ಲ. ಅಮೆರಿಕದಲ್ಲಿ 1903ರ ನ್ಯೂ ಆರ್ಲಿಯನ್ಸ್ ಡಾಲರ್ ಅಂದರೆ ಅಪರೂಪದಲ್ಲಿ ಅಪರೂಪ, ಪಟ್ಟಿ ಬೆಲೆ 1,500 ಡಾಲರ್ ಇತ್ತು. ಪಿಟ್‌ಮನ್ ಕಾಯ್ದೆಯಲ್ಲಿ ಎಲ್ಲ ಕರಗಿಹೋಗಿವೆ ಅಂತ ನಂಬಿದ್ದರು. 1962ರಲ್ಲಿ ಖಜಾನೆಯ ಬೀಗ ತೆಗೆದು ಮೂಟೆಗಟ್ಟಲೆ ಹೊರಗೆ ತಂದರು ನೋಡಿ, ಬೆಲೆ ನೆಲಕ್ಕೆ ಬಿತ್ತು.

ಇನ್ನು ಎರಡನೇ ಕಾಲು, ಹೇಗಿದೆ ಅನ್ನೋದು. ಅದಕ್ಕೆ ಯಾವ ದಾಖಲೆಯೂ ಇಲ್ಲ. ಒಬ್ಬನ ಕಣ್ಣು ಅಷ್ಟೇ. ಮೋಸ ಹೊಕ್ಕುವುದು ಈ ಸಂದಿಯಲ್ಲೇ. ಖೋಟಾ ನಾಣ್ಯ ಮಾರಿದರೆ ಜೈಲು. ಅಸಲಿ ನಾಣ್ಯಕ್ಕೆ ಎರಡು ಅಂಕ ಜಾಸ್ತಿ ಹಾಕಿದರೆ? ಅದು ಅಭಿಪ್ರಾಯ!

ವ್ಯಾಪಾರಿಗಳು ಮಾರುವಾಗ 65, ಕೊಳ್ಳುವಾಗ 63 ಅನ್ನೋದು ಎಂಬತ್ತರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಮಾಮೂಲಿಯಾಗಿತ್ತು. ಇದಕ್ಕೆ ಮದ್ದು ಅಂತಲೇ 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಕಂಪನಿಗಳು ಬಂದವು. ನಾವು ಮೂರನೆಯವರು, ಹಲವರು ಬೇರೆ ಬೇರೆಯಾಗಿ ನೋಡಿ ಅಂಕ ಕೊಡ್ತೀವಿ, ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡ್ತೀವಿ ಅಂದರು. ಆ ಡಬ್ಬಿಗೇ ಸ್ಲ್ಯಾಬ್ ಅನ್ನೋದು. ನಿಜವಾಗಿಯೂ ಉಪಕಾರವಾಯಿತು, ಅದನ್ನು ಒಪ್ಪಬೇಕು. ಆದರೆ ಅಂಕ ಗ್ಯಾರಂಟಿ ಆಯಿತು ಅಂದ ಕೂಡಲೇ ವಾಲ್ ಸ್ಟ್ರೀಟ್ ಓಡಿಬಂತು. ನಾಣ್ಯ ನೋಡದೆಯೇ, ಷೇರಿನ ಹಾಗೆ ಫೋನಿನಲ್ಲಿ ಸ್ಲ್ಯಾಬ್ ಕೊಳ್ಳೋಕೆ ಶುರು. 1989ರಲ್ಲಿ ಬೆಲೆ ಮುಗಿಲು ಮುಟ್ಟಿ ಕುಸಿಯಿತು. ಮರುವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನಮ್ಮ ಗ್ರೇಡಿಂಗ್ ವಸ್ತುನಿಷ್ಠ ಅಂತ ನೀವು ಜಾಹೀರಾತಿನಲ್ಲಿ ಉತ್ಪ್ರೇಕ್ಷೆ ಮಾಡಿದ್ದೀರಿ ಅಂತ ಪಿಸಿಜಿಎಸ್ ಮೇಲೆಯೇ ದೂರು ಹೂಡಿ ರಾಜಿ ಮಾಡಿಸಿತು. 2003ರಲ್ಲಿ ಕಾಯಿನ್ ವರ್ಲ್ಡ್ ಪತ್ರಿಕೆ ಅವೇ ನಾಣ್ಯಗಳನ್ನು ಒಂದಾದ ಮೇಲೊಂದು ಬೇರೆ ಬೇರೆ ಗ್ರೇಡಿಂಗ್ ಕಂಪನಿಗಳಿಗೆ ಕಳಿಸಿ ನೋಡಿತು. ಒಂದೇ ಒಂದು ನಾಣ್ಯಕ್ಕೂ ಎಲ್ಲರಿಂದ ಒಂದೇ ಅಂಕ ಬರಲಿಲ್ಲ.

ದೊಡ್ಡವರ ಕತೆ ಹೀಗಾದರೆ ಚಿಲ್ಲರೆಯವರದ್ದು ಕೇಳಬೇಕೇ. 1995ರಲ್ಲಿ ಇ-ಬೇ ಶುರುವಾಯಿತು. ಹರಾಜು ಮನೆಮನೆಗೆ ಬಂತು. ಕೈಯಲ್ಲಿ ಹಿಡಿದು, ಓರೆ ಮಾಡಿ ನೋಡುವ ಹಾಗಿಲ್ಲ. ಫೋಟೊ ನೋಡಿ ಕೊಳ್ಳಬೇಕು. ದೀಪ ಎಲ್ಲಿಟ್ಟರೆ ಗೀರು ಮಾಯ ಆಗುತ್ತೆ ಅಂತ ಫೋಟೊ ತೆಗೆಯುವವನಿಗೆ ಗೊತ್ತು. ನಂಬಿಕೆಗೆ ಇರುವ ಆಸರೆ ಒಂದೇ, ಚೀಟಿ ಮೇಲಿನ ಅಂಕ. ಸರಿ, ಡಬ್ಬಿ ಕೊಂಡು, ಚೀಟಿ ಪ್ರಿಂಟ್ ಮಾಡಿ, ಮೂರಕ್ಷರದ ಹೆಸರಿಟ್ಟುಕೊಂಡು ಮನೆಯಲ್ಲೇ ಗ್ರೇಡಿಂಗ್ ಕಂಪನಿ ಶುರು ಮಾಡಿದರು. ಗ್ರೇಡ್ ಮಾಡುವವನೂ ಮಾರುವವನೂ ಒಬ್ಬನೇ. ಅಷ್ಟೂ ಶ್ರಮ ಬೇಡ ಅಂದವರು ದೊಡ್ಡ ಕಂಪನಿಗಳ ಡಬ್ಬಿಯನ್ನೇ ನಕಲು ಹೊಡೆದರು. 2008ರ ಹೊತ್ತಿಗೆ ಚೀನಾದಿಂದ ನಕಲಿ ಸ್ಲ್ಯಾಬ್‌ಗಳು ಬರ್ತಿವೆ ಎಚ್ಚರ ಅಂತ ಆ ಕಂಪನಿಗಳೇ ಪ್ರಕಟಣೆ ಕೊಡಬೇಕಾಯಿತು. 2012ರಲ್ಲಿ ಇ-ಬೇ, ಇಂತಿಂಥ ಕಂಪನಿಗಳ ಅಂಕ ಬಿಟ್ಟು ಬೇರೆ ಅಂಕ ಹಾಕುವ ಹಾಗಿಲ್ಲ ಅಂತ ನಿಯಮ ತಂದಿತು.

ಇದರಲ್ಲಿ ನಿಜವಾದ ಕೈಚಳಕ ಅಂಕದ್ದಲ್ಲ, ಬೆಲೆಪಟ್ಟಿಯದ್ದು. ಮೇಷ್ಟ್ರ ಹತ್ತಿರ ಆ ಹರಾಜಿನ ಪುಟದ ಪ್ರಿಂಟು ಇತ್ತು. ‘ಕ್ಯಾಟಲಾಗ್ ಬೆಲೆ 60 ಸಾವಿರ, ಶುರು 5 ಸಾವಿರದಿಂದ’ ಅಂತ ಬರೆದಿತ್ತು. ಪಟ್ಟಿ ಸುಳ್ಳಿರಲಿಕ್ಕಿಲ್ಲ ಅಂತಲೇ ಇಟ್ಟುಕೊಳ್ಳಿ. ಕಟ್ಟುನಿಟ್ಟಾಗಿ ನೋಡುವವರು 66 ಕೊಟ್ಟ ನಾಣ್ಯಕ್ಕೆ ಆ ಬೆಲೆ ಇರಬಹುದು. ಅವರ ಪಟ್ಟಿ ತಂದು ಇವನ ಅಂಕದ ಪಕ್ಕ ಅಂಟಿಸಿದರೆ? ಬಂಗಾರದ ರೇಟಿನಲ್ಲಿ ಹಿತ್ತಾಳೆ ತೂಗಿದ ಹಾಗೆ. ಮೇಲಿಂದ ಹರಾಜಿನಲ್ಲಿ ನಿಮ್ಮ ಎದುರು ಕೂಗುತ್ತಿರುವವನು ಮಾರುವವನ ಭಾಮೈದನೇ ಇದ್ದರೂ ನಿಮಗೆ ಗೊತ್ತಾಗೋದು ಹೇಗೆ?

ನಮ್ಮಲ್ಲಿ ಇದಕ್ಕೆ ಇನ್ನೊಂದು ಗಂಟಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಒಳ್ಳೇ ಕಾನೂನು. 1918ರ ರೂಪಾಯಿಗೆ ನೂರು ದಾಟಿದೆ, ಹಾಗಾಗಿ ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸೋದು ದೂರದ ಮಾತು. ಆ ಖಾಲಿ ಜಾಗದಲ್ಲೇ ಮನೆಗ್ರೇಡಿನ ಡಬ್ಬಿಗಳು ಕೂತಿವೆ.

ಹಾಗಂತ ನಮ್ಮವರು ಬರೀ ಕೊಂಡು ಮೋಸ ಹೋದವರಲ್ಲ. ಮಾರೋಕೆ ಹೋಗಿ ಕಳಕೊಂಡವರೂ ಇದ್ದಾರೆ. 2021ರಲ್ಲಿ ಬೆಂಗಳೂರಿನ ಒಬ್ಬ ಮಹಿಳೆ 1947ರ ನಾಣ್ಯವನ್ನು 10 ಲಕ್ಷಕ್ಕೆ ಮಾರ್ತೀನಿ ಅಂತ ಆನ್‌ಲೈನ್‌ನಲ್ಲಿ ಹಾಕಿ, ತೆರಿಗೆ, ಶುಲ್ಕ ಅಂತ ತಾವೇ ಒಂದು ಲಕ್ಷದಷ್ಟು ಕಟ್ಟಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿತು: ಹಳೇ ನೋಟು ನಾಣ್ಯದ ವ್ಯವಹಾರ ನಾವು ಮಾಡಲ್ಲ, ಕಮಿಷನ್ ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ. ಆ ಪ್ರಕಟಣೆ ನಮ್ಮ ಚಾನೆಲ್ಲಿನ ಕೆಳಗಿನ ಪಟ್ಟಿಯಲ್ಲಿ ಓಡಿಹೋಯಿತು. ಲಕ್ಷಾಧಿಪತಿಯ ಸ್ಟೋರಿಗೆ ಸಿಕ್ಕಿದ್ದು ಅರ್ಧ ಗಂಟೆ, ಎರಡು ಸಲ ಮರುಪ್ರಸಾರ.

ಮೇಷ್ಟ್ರು ಸೈಬರ್ ಸಹಾಯವಾಣಿ 1930ಕ್ಕೂ ಫೋನ್ ಮಾಡಿದ್ದರು, ಠಾಣೆಗೂ ಹೋಗಿದ್ದರು. ದುಡ್ಡು ಕೊಟ್ರಿ, ನಾಣ್ಯ ಬಂತು, ನಾಣ್ಯ ಅಸಲಿ. ಮೋಸ ಎಲ್ಲಿದೆ ಯಜಮಾನ್ರೇ, ಅಂತ ಅಲ್ಲಿ ಕೇಳಿದರಂತೆ. ನಾನು ಆ ಅಧಿಕಾರಿಯನ್ನು ಬೈಯಲ್ಲ. ಪ್ರಶ್ನೆ ಕಷ್ಟದ್ದೇ. ಅಂಕ ಅನ್ನೋದು ಅಭಿಪ್ರಾಯ ಅಂತ ಹೇಳಿ ಜಗತ್ತಿನಾದ್ಯಂತ ದೊಡ್ಡ ದೊಡ್ಡವರೇ ಬಚಾವಾಗಿದ್ದಾರೆ. ಆದರೆ ಮೇಷ್ಟ್ರು ಗಣಿತದ ಮೇಷ್ಟ್ರು, ಸುಮ್ಮನೆ ಬಿಡುವವರಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತಿನ ಬಗ್ಗೆ ಇರುವುದನ್ನು ಓದಿಕೊಂಡು ಬಂದಿದ್ದರು. ಅಂಕ ಅಭಿಪ್ರಾಯವೇ ಇರಲಿ ಸರ್, ನಲವತ್ತು ಕೋಟಿ ಇರೋದಕ್ಕೆ ಅಪರೂಪ ಅಂತ ಬರೆದಿದ್ದು ಅಭಿಪ್ರಾಯ ಹೆಂಗಾಗತೈತಿ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದಾಗಿದೆ, ಕೈಬರಹದಲ್ಲೇ, ಹನ್ನೊಂದು ಪುಟ.

ಅವರು ನನ್ನ ಹತ್ತಿರ ಬಂದಿದ್ದು ಸಹಾಯ ಕೇಳೋಕೆ ಅಂದ್ಕೊಂಡಿದ್ದೆ. ಅಲ್ಲ. ದೂರಿನ ಜೊತೆ ಲಗತ್ತಿಸೋಕೆ ಆವತ್ತಿನ ನಮ್ಮ ಸ್ಟೋರಿಯ ಕಾಪಿ ಬೇಕಾಗಿತ್ತು. “ನಿಮ್ಮ ಮ್ಯಾಲೆ ಏನೂ ಸಿಟ್ಟಿಲ್ರೀ ಸರ್, ಆದ್ರ ಎಲ್ಲಿಂದ ಶುರುವಾತು ಅಂತ ತೋರಿಸಬೇಕಲ್ಲ” ಅಂದರು. ಮರುದಿನ ಲೈಬ್ರರಿಗೆ ಹೋಗಿ ಆ ದಿನದ ರೆಕಾರ್ಡಿಂಗ್ ಹುಡುಕಿಸಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ಪರದೆ ಮೇಲೆ ನಾನು, ಹಿಂದೆ ಗರಗರ ತಿರುಗುವ ಒಂದು ಬೆಳ್ಳಿ ರೂಪಾಯಿ. ಪೆನ್‌ಡ್ರೈವ್‌ಗೆ ಹಾಕಿಸಿ, ಫಾರ್ಮಿನಲ್ಲಿ ಕಾರಣ ಅನ್ನೋ ಕಡೆ ‘ಗ್ರಾಹಕರ ಆಯೋಗಕ್ಕೆ ಸಾಕ್ಷ್ಯ’ ಅಂತ ಬರೆದು, ಸಹಿ ಹಾಕಿ, ದಾವಣಗೆರೆಗೆ ಕೊರಿಯರ್ ಮಾಡಿದ್ದೇನೆ.